ಎಷ್ಟು ಕೂಸೆಂದು ಮೊದಲೇ ಹೇಳದ ಸಿಸ್ಟರ್

ಹೆರಿಗೆ ವಾರ್ಡಿನಲ್ಲಿ ಎಲ್ಲರೂ ಅವಳನ್ನು ತಕ್ಕಡಿ ಸಿಸ್ಟರ್ ಎಂದೇ ಕರೆಯುತ್ತಿದ್ದರು. ಹುಟ್ಟಿದ ಕೂಸನ್ನು ಒರೆಸಿ, ತೂಗಿ, ತೂಕವನ್ನು ಕಂಪ್ಯೂಟರಿಗೆ ತುಂಬುವುದು ಅವಳ ಕೆಲಸ. ಅದಕ್ಕಿದ್ದ ಪ್ರೋಗ್ರಾಮನ್ನು ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದುಕೊಟ್ಟವನು ಅವಳ ಮೈದುನನೇ. ಬೆಳಿಗ್ಗೆ ತೆರೆದ ಕೂಡಲೇ ಅದು "ಇಂದು ಎಷ್ಟು ಶಿಶುಗಳು?" ಎಂದು ಕೇಳುತ್ತಿತ್ತು. ಹೆಚ್ಚು ಹೇಳಿದರೆ ಹುಟ್ಟದ ಕೂಸುಗಳಿಗಾಗಿ ಕಾಯುತ್ತಾ ಕೂರುತ್ತಿತ್ತು. ಕಡಿಮೆ ಹೇಳಿದರೆ ಅಷ್ಟು ತುಂಬಿದೊಡನೆ ಪಟ್ಟಿ ಮಕ್ಕಳ ಡಾಕ್ಟರಿಗೆ ಹೋಗಿ, ಆ ದಿನಕ್ಕೆ ಬಾಗಿಲು ಬಂದ್.

ಒಂದು ದಿನ ಅವಳು ಆರು ಎಂದಿದ್ದಳು. ಸಂಜೆ ಏಳನೆಯದು ಹುಟ್ಟಿತು, ಅಂಗೈಯಗಲದ ಕೂಸು. ವಾರ್ಡಿನ ಮೇಲ್ವಿಚಾರಕರು ಕೂತಲ್ಲಿಂದಲೇ ಅಂದರು: "ಅದನ್ನ ನಾಳೆ ಲೆಕ್ಕಕ್ಕೆ ಹಾಕ್ಕೊಳ್ಳಿ ಸಿಸ್ಟರ್."

"ಹುಟ್ಟಿರೋದು ಇವತ್ತು ಸಾರ್. ನಾಳೆ ತನಕ ಎಲ್ಲಿಡ್ಲಿ, ನಿಮ್ಮ ಡ್ರಾಯರಲ್ಲಾ?"

ಕೂಸನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋಗಿ, ಮನೆಗೆ ಹೊರಟಿದ್ದ ಡಾಕ್ಟರಿಗೆ ಮೆಟ್ಟಿಲಲ್ಲೇ ಅಡ್ಡ ನಿಂತಳು. ಅವರು ಒಮ್ಮೆ ನೋಡಿದವರೇ ತಿರುಗಿ ಬಂದು ಅದನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿ ಮಲಗಿಸಿದರು.

ಮನೆಗೆ ಬಂದರೂ ಅವಳ ಸಿಟ್ಟು ಇಳಿದಿರಲಿಲ್ಲ. ಮೈದುನ ಊಟಕ್ಕೆ ಕೂತಿದ್ದ.

"ಎಷ್ಟು ಅಂತ ಮೊದ್ಲೇ ಗೊತ್ತಿದ್ರೆ ಬರೆಯೋದು ಸುಲಭ ಅತ್ತಿಗೆ," ಎಂದ, ಮೆತ್ತಗೆ.

"ಹೆರಿಗೆ ವಾರ್ಡು ಕಣೋ ಅದು! ಟಿಕೆಟ್ ತಗೊಂಡು ಬರೋಕೆ ಸಿನಿಮಾ ಟಾಕೀಸಾ? ಕೈ ತೊಳ್ಕೊ. ನಂಗೂ ಕಲ್ಸು."

ಅವನು ಹೇಳಿಕೊಟ್ಟ, ಅವಳು ಎರಡೇ ಬೆರಳಲ್ಲಿ ಕುಟ್ಟಿದಳು. ಎಷ್ಟೆಂದು ಕೇಳದೆ, ಬಂದಷ್ಟನ್ನೂ ಸುತ್ತಿ ಸುತ್ತಿ ಓದುತ್ತಲೇ ಹೋಗುವ ಲೂಪ್ ತಯಾರಾಯಿತು. ಪರೀಕ್ಷೆಗೆಂದು ನಾಲ್ಕಾರು ತೂಕ ಕೊಟ್ಟು, ಕೊನೆಗೆ ಇಂಗ್ಲಿಷ್ ಅಕ್ಷರದಲ್ಲಿ "ಸಾಕು" ಎಂದು ಒತ್ತಿದಳು. ಪರದೆ ದೆವ್ವ ಹಿಡಿದಂತೆ ಒಂದೇ ಸಾಲನ್ನು ಮತ್ತೆ ಮತ್ತೆ ತೋರಿಸುತ್ತಾ ಓಡತೊಡಗಿತು. ಅವಳು ಕುರ್ಚಿ ಸಮೇತ ಹಿಂದಕ್ಕೆ ಸರಿದಳು. ಮೈದುನನಿಗೆ ನಗು ತಡೆಯಲಾಗಲಿಲ್ಲ.

"ನಗ್ಬೇಡ. ಏನಾಯ್ತು ಹೇಳು."

"ಅದು ನಂಬರ್ ಕೇಳ್ತು, ನೀವು ಮಾತು ಕೊಟ್ರಿ. ನುಂಗೋಕೂ ಆಗ್ದೆ ಉಗುಳೋಕೂ ಆಗ್ದೆ ಬಾಗಿಲಲ್ಲೇ ಸಿಕ್ಕಾಕ್ಕೊಂಡಿದೆ. ಸ್ಕ್ಯಾನ್‌ಎಫ್ ಅನ್ನೋ ಓದೋ ಆಜ್ಞೆ, ಎಷ್ಟು ನಂಬರ್ ಓದ್ದೆ ಅಂತ ತಾನೇ ಹೇಳುತ್ತೆ ಅತ್ತಿಗೆ. ಒಂದು ಅಂದ್ರೆ ಮುಂದೆ ಹೋಗು, ಇಲ್ಲಾಂದ್ರೆ ನಿಲ್ಲು ಅಂತ ಬರೀರಿ."

ಬರೆದಳು. ಈ ಬಾರಿ "ಸಾಕು" ಎಂದೊಡನೆ ತೆಪ್ಪಗೆ ನಿಂತಿತು. ಜಾಗ ಸಾಲದಾದಾಗ ಪಟ್ಟಿಯನ್ನು ಹಿಗ್ಗಿಸುವ ಸಾಲುಗಳನ್ನು ಮೈದುನನೇ ಸೇರಿಸಿದ.

ಮರುದಿನ ಅವಳು ಅದನ್ನು ವಾರ್ಡಿನ ಕಂಪ್ಯೂಟರಿಗೆ ಹಾಕಿದ್ದು ನೋಡಿ ಮೇಲ್ವಿಚಾರಕರು ಕೆಂಡವಾದರು. "ಇದನ್ನ ಬದಲಾಯ್ಸೋಕೆ ನಿಮ್ಗೆ ಯಾರು ಹೇಳಿದ್ದು?"

"ಏಳನೇ ಕೂಸು, ಸಾರ್."

"ಹಳೇದನ್ನೇ ಹಾಕಿ."

"ಹಾಕ್ತೀನಿ. ಆದ್ರೆ ದಿನಾ ಬೆಳಿಗ್ಗೆ ಎಷ್ಟು ಹುಟ್ಟುತ್ವೆ ಅಂತ ನೀವೇ ಬಂದು ಒತ್ಬೇಕು. ಲೆಕ್ಕ ತಪ್ಪಿದ್ರೆ ಹೊರಗುಳಿದ ಕೂಸುಗಳ ತಾಯಂದಿರಿಗೂ ನೀವೇ ಉತ್ತರ ಹೇಳ್ಬೇಕು."

ಅವರು ಒತ್ತಲು ಬರಲಿಲ್ಲ. ಹೊಸದೇ ಉಳಿಯಿತು. ಆದರೆ ಸಿಟ್ಟಿಗೆ, ಅನುಮತಿಯಿಲ್ಲದೆ ಕೈಹಾಕಿದ್ದಕ್ಕೆ ಕಾರಣ ಕೇಳಿ ನೋಟಿಸು ಕಳಿಸಿದರು. ವಾರ್ಡಿನ ಆಯಾ ಹೆದರಿ, "ಕ್ಷಮಿಸಿ ಅಂತ ಬರ್ದುಬಿಡಿ ಸಿಸ್ಟರ್," ಎಂದಳು.

ಅವಳು ಪೆನ್ನು ತೆಗೆದು ಒಂದೇ ಸಾಲು ಬರೆದಳು: ಅಗತ್ಯ ಬಿದ್ದರೆ ಮತ್ತೆ ಮಾಡುತ್ತೇನೆ. ಆಮೇಲೆ ಪೆಟ್ಟಿಗೆಯಲ್ಲಿ ಕೈಕಾಲು ಬಡಿಯುತ್ತಿದ್ದ ಆ ಪುಟ್ಟ ಏಳನೆಯದನ್ನು ತೂಗಲು ಎತ್ತಿಕೊಂಡಳು.