ಟೈಪಕ್ಕನ ಜ್ವರ ಬಾರದ ಕಂಪ್ಯೂಟರ್

ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಅವಳ ಅಂಗಡಿ. ಒಂದೇ ಕೋಣೆ, ಎರಡು ಪ್ರಿಂಟರ್, ಒಂದು ಲ್ಯಾಮಿನೇಶನ್ ಯಂತ್ರ, ಗಿರಾಕಿಗಳಿಗೆಂದು ಕಾಲು ಅಲುಗಾಡುವ ಒಂದು ಸ್ಟೂಲು. ಟೈಪ್‌ರೈಟರ್ ಕಾಲದಿಂದ ಅದೇ ಜಾಗದಲ್ಲಿ ಕೂತವಳಾದ್ದರಿಂದ ಇಡೀ ಓಣಿಗೆ ಅವಳು ಟೈಪಕ್ಕ. ಬೆರಳಿಗಿಂತ ಬಾಯಿ ಚುರುಕು. ಅರ್ಜಿ ಟೈಪ್ ಮಾಡಿಸಲು ಬಂದವರು ತಮ್ಮ ಕಷ್ಟಸುಖವನ್ನೂ ಹೇಳಿಕೊಂಡು, ಅವಳಿಂದ ನಾಲ್ಕು ಮಾತು ಬೈಸಿಕೊಂಡು, ಮನಸ್ಸು ಹಗುರ ಮಾಡಿಕೊಂಡು ಹೋಗುತ್ತಿದ್ದರು.

ಬರುವ ಪೆನ್‌ಡ್ರೈವ್‌ಗಳು ಮಾತ್ರ ಊರ ಕಸವನ್ನೆಲ್ಲ ಹೊತ್ತು ತರುತ್ತಿದ್ದವು. ಮೇಲಿಂದ ಮೇಲೆ ವೈರಸ್ ಹೊಕ್ಕು ಕಂಪ್ಯೂಟರ್ ಮಕಾಡೆ ಮಲಗುತ್ತಿತ್ತು. ಒಮ್ಮೆ ಯಾರದೋ ಮದುವೆಯ ಕರೆಯೋಲೆ ಇನ್ನೇನು ಅಚ್ಚಾಗಬೇಕು ಅನ್ನುವಾಗ ಕಣ್ಮರೆಯಾಯಿತು. ಟೈಪಕ್ಕ ತಲೆಯ ಮೇಲೆ ಕೈ ಹೊತ್ತು ಕೂತಳು. ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ನಾದಿನಿ ಸುದ್ದಿ ಕೇಳಿ ಓಡಿ ಬಂದಳು.

"ಅತ್ತಿಗೆ, ಇದನ್ನೆಲ್ಲ ತೆಗೆದು, ಕಂಪ್ಯೂಟರ್ ನಡೆಸೋಕೆ ಲಿನಕ್ಸ್ ಅನ್ನೋ ಬೇರೆ ವ್ಯವಸ್ಥೆ ಹಾಕಿಬಿಡ್ತೀನಿ. ಮುಚ್ಚುಮರೆ ಇಲ್ಲ. ಒಳಗೆ ಏನು ಬರೆದಿದೆ ಅಂತ ಯಾರು ಬೇಕಾದ್ರೂ ನೋಡಬಹುದು."

"ಯಾರು ಬೇಕಾದ್ರೂನಾ? ಬಾಗಿಲು ಹಾರು ಹೊಡೆದು ಮಲಗಿದ ಹಾಗಾಯ್ತಲ್ಲೇ! ಕಳ್ಳ ನೋಡಲ್ವಾ?"

"ಕಳ್ಳನೂ ನೋಡ್ತಾನೆ. ಆದ್ರೆ ಕಾವಲಿನವರೂ ನೋಡ್ತಿರ್ತಾರೆ. ಎಲ್ಲಾದ್ರೂ ತೂತು ಕಂಡ್ರೆ ಬೇಗ ಮುಚ್ಚಿಬಿಡ್ತಾರೆ."

ಟೈಪಕ್ಕ ಒಲ್ಲದ ಮನಸ್ಸಿನಿಂದಲೇ ಒಪ್ಪಿದಳು. ಆದರೆ ವರ್ಷ ಕಳೆದರೂ ಒಂದೇ ಒಂದು ವೈರಸ್ ಕಾಟ ಕೊಡದೆ ಇದ್ದಾಗ ಅವಳಿಗೆ ಕೊಂಬು ಮೂಡಿತು. "ಹಾಕಿ, ಎಂಥ ಪೆನ್‌ಡ್ರೈವ್ ಆದ್ರೂ ಹಾಕಿ! ನಮ್ಮದು ವಿಷ ಕುಡಿದು ಅರಗಿಸಿಕೊಳ್ಳೋ ಜಾತಿ" ಎಂದು ಬಂದವರ ಮುಂದೆಲ್ಲ ಕೊಚ್ಚಿಕೊಳ್ಳತೊಡಗಿದಳು.

ಅವಳದು ಕೊಡುಗೈ ಬೇರೆ. ತಾನು ಟೈಪ್ ಮಾಡಿಕೊಟ್ಟದ್ದು ಗಿರಾಕಿಗಳ ಕಂಪ್ಯೂಟರ್‌ನಲ್ಲಿ ಬರೀ ಚೌಕ ಚೌಕವಾಗಿ ಕಾಣುತ್ತದೆ ಎಂದು ದೂರು ಬಂದಾಗ, ಯಾರೋ ಕೊಟ್ಟುಹೋಗಿದ್ದ ಫಾಂಟುಗಳ ಕಟ್ಟೊಂದನ್ನು ಎಲ್ಲರ ಪೆನ್‌ಡ್ರೈವ್‌ಗೂ ಹಾಕಿ ಕಳಿಸಲು ಶುರುಮಾಡಿದಳು. "ಮನೆಗೆ ಹೋಗಿ ಇದರ ಮೇಲೆ ಎರಡು ಸಲ ಒತ್ತಿ, ಅಕ್ಷರ ಮುತ್ತಿನ ಹಾಗೆ ಬರುತ್ತೆ" ಎನ್ನುವಳು. ಆ ಕಟ್ಟು ಅವರ ಕಂಪ್ಯೂಟರ್‌ಗಳಲ್ಲಿ ತೆರೆದುಕೊಳ್ಳುತ್ತಿತ್ತು. ಇವಳದರಲ್ಲಿ ತೆರೆಯುತ್ತಲೇ ಇರಲಿಲ್ಲ.

ಒಂದು ಬೆಳಿಗ್ಗೆ ಎದುರಿನ ಔಷಧಿ ಅಂಗಡಿಯವರು ಧುಮುಗುಡುತ್ತ ಬಂದರು. ಓಣಿಯ ಎರಡೂ ಬದಿಗೆ ಕೇಳುವಂತೆ ಕೂಗಿದರು: "ಟೈಪಕ್ಕ, ನಿಮ್ಮಲ್ಲಿಂದ ತಂದ ಪೆನ್‌ಡ್ರೈವ್ ಹಾಕಿದ್ದೇ ಹಾಕಿದ್ದು, ನನ್ನ ಬಿಲ್ಲುಗಳೆಲ್ಲ ನಾಪತ್ತೆ!"

"ನನ್ನಿಂದ ಹೇಗೆ ಬರುತ್ತೆ ಸ್ವಾಮಿ? ನನ್ನ ಕಂಪ್ಯೂಟರ್ ಕಲ್ಲುಗುಂಡಿನ ಹಾಗಿದೆ. ಒಂದು ಸಲವಾದ್ರೂ ಸೀನಿದೆಯಾ?"

"ನಾನು ಇಷ್ಟು ವರ್ಷ ಮಾತ್ರೆ ಮಾರಿದವನು, ಕೇಳಿ. ಕೆಲವರಿಗೆ ರೋಗ ಒಳಗೇ ಇರುತ್ತೆ, ಜ್ವರ ಬರಲ್ಲ. ಗುಂಡುಕಲ್ಲಿನ ಹಾಗೆ ಓಡಾಡ್ಕೊಂಡು ಮನೆಮಂದಿಗೆಲ್ಲ ಅಂಟಿಸ್ತಾರೆ!"

ಟೈಪಕ್ಕ ಮಾತಿಗೆ ಮಾತು ಕೊಟ್ಟು ಅವರನ್ನು ಓಡಿಸಿದಳೇನೋ ನಿಜ. ಆದರೆ ಆ ಮಾತು ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಕಾಡಿತು. ಕರೆಯೋಲೆ ಕಳೆದುಕೊಂಡು ಕೂತಿದ್ದ ತನ್ನ ಮುಖವೇ ನೆನಪಾಯಿತು. ಸಂಜೆಗೆ ನಾದಿನಿಗೆ ಫೋನು ಹೋಯಿತು.

ಭಾನುವಾರ ನಾದಿನಿ ಬಂದು ಫಾಂಟಿನ ಕಟ್ಟನ್ನು ತಪಾಸಣೆಗೆ ಹಾಕಿದಳು. ಪರದೆಯ ಮೇಲೆ ಕೆಂಪು ಸಾಲು ಮೂಡಿತು.

"ಇಲ್ಲೇ ಕೂತಿದಾನೆ ನೋಡಿ ಅತ್ತಿಗೆ. ಇವನಿಗೆ ಈ ಮನೆಯ ಭಾಷೆ ಬರಲ್ಲ, ಅದಕ್ಕೇ ಇಲ್ಲಿ ಬಾಯಿ ಬಿಚ್ಚಿಲ್ಲ. ಅವರ ಮನೆಗೆ ಹೋದ ತಕ್ಷಣ ಕುಣಿದಿದಾನೆ."

ಟೈಪಕ್ಕನ ಮುಖ ಸಣ್ಣದಾಯಿತು. "ಹೋಗಲಿ, ನನ್ನದಾದ್ರೂ ಗಟ್ಟಿ ಇದೆಯಲ್ಲ?"

ನಾದಿನಿ ಮೂಲೆಯಲ್ಲಿ ಮಿಣುಕುತ್ತಿದ್ದ ಗುರುತನ್ನು ತೋರಿಸಿದಳು. "ಇದೇನು?"

"ಅದಾ? ಏನೋ ಅಪ್‌ಡೇಟ್ ಅಂತೆ, ದಿನಾ ಪೀಡಿಸುತ್ತೆ. 'ಆಮೇಲೆ' ಅಂತ ಒತ್ತಿ ಸಾಗಹಾಕ್ತೀನಿ."

"ಅಯ್ಯೋ ನನ್ನ ಅತ್ತಿಗೆ! ತೂತು ಮುಚ್ಚೋಕೆ ಬಂದ ಮೇಸ್ತ್ರಿನ ವರ್ಷದಿಂದ ಬಾಗಿಲಲ್ಲೇ ನಿಲ್ಲಿಸಿದೀರಲ್ಲ!" ನಾದಿನಿ ಹಣೆ ಚಚ್ಚಿಕೊಂಡಳು. ಪಾಸ್‌ವರ್ಡನ್ನು ಬರೆದು ಪರದೆಯ ಅಂಚಿಗೇ ಅಂಟಿಸಿದ್ದ ಚೀಟಿಯನ್ನು ಕಿತ್ತಳು. "ಇದಕ್ಕೆ ವೈರಸ್ ಬರೋದು ಕಡಿಮೆ, ಬರೋದೇ ಇಲ್ಲ ಅಂತಲ್ಲ. ಗೊತ್ತುಗುರಿ ಇಲ್ಲದ್ದನ್ನ ತಂದು, ಅದು ಪಾಸ್‌ವರ್ಡ್ ಕೇಳಿದಾಗ ನೀವೇ ಕೊಟ್ರೆ, ಎಂಥ ಲಿನಕ್ಸ್ ಆದ್ರೂ ಏನು ಮಾಡೀತು? ಕಳ್ಳನ ಕೈಗೆ ಬೀಗದಕೈ ಕೊಟ್ಟ ಹಾಗೆ."

"ಮತ್ತೆ ನೀನು ಅವತ್ತೇ ಯಾಕೆ ಹೇಳಲಿಲ್ಲ?"

"ಹೇಳಿದ್ದೆ. ನೀವು ಫೋನಲ್ಲಿ ಯಾರನ್ನೋ ಬೈತಾ ಇದ್ರಿ."

ಟೈಪಕ್ಕ ನಕ್ಕುಬಿಟ್ಟಳು. ಆಮೇಲೆ ಸೆರಗು ಸರಿಮಾಡಿಕೊಂಡು ಎದ್ದಳು. "ನಡಿ, ಯಾರ್ಯಾರ ಮನೆ ಕೆಡಿಸಿದೀನೋ ಅವರೆಲ್ಲರ ಹತ್ರ ಹೋಗೋಣ."

ಮೊದಲು ಔಷಧಿ ಅಂಗಡಿ. "ತಪ್ಪು ನಂದೇ" ಎಂದು ಟೈಪಕ್ಕ ಅಂದಾಗ ಅವರು ಕೈಯಲ್ಲಿದ್ದ ಸಿರಪ್ ಬಾಟಲಿಯನ್ನು ಮೆಲ್ಲಗೆ ಕೆಳಗಿಟ್ಟರು. "ಮೈ ಹುಷಾರಾಗಿದೆ ತಾನೇ?" ಎಂದು ನಿಜವಾದ ಕಾಳಜಿಯಿಂದ ಕೇಳಿದರು. ಬಿಲ್ಲುಗಳು ಅಳಿಸಿಹೋಗಿರಲಿಲ್ಲ, ವೈರಸ್ ಅವನ್ನು ಬಚ್ಚಿಟ್ಟಿತ್ತಷ್ಟೇ. ನಾದಿನಿ ಎಲ್ಲವನ್ನೂ ಹೊರಗೆಳೆದಾಗ ಅವರ ಮುಖ ಅರಳಿತು. ತಮ್ಮ ಕುರ್ಚಿಯನ್ನೇ ಟೈಪಕ್ಕನಿಗೆ ಬಿಟ್ಟುಕೊಟ್ಟರು. ಮುಂದಿನ ಅಂಗಡಿಯ ಹೊಲಿಗೆಯಾಕೆ ಚೆನ್ನಾಗಿ ಬೈದು, ಬೈದ ಬಾಯಲ್ಲೇ ಚಹಾ ತರಿಸಿದಳು. ಓಣಿಯಲ್ಲಿ ಯಾರೂ ಮುಖ ತಿರುಗಿಸಲಿಲ್ಲ. ತಾನಾಗಿ ಬಾಗಿಲಿಗೆ ಬಂದು ತಪ್ಪೊಪ್ಪಿಕೊಂಡವಳ ಮೇಲೆ ಎಷ್ಟು ಹೊತ್ತು ಸಿಟ್ಟು ಇಟ್ಟುಕೊಳ್ಳಲಾದೀತು?

ಕೊನೆಗೆ ಮಹಡಿಯ ಮೇಲಿನ ಟ್ಯೂಷನ್ ಮೇಷ್ಟ್ರು. ಅವರ ಕಂಪ್ಯೂಟರ್ ಸ್ಥಿತಿ ಎಲ್ಲರದಕ್ಕಿಂತ ಕೆಟ್ಟದಾಗಿತ್ತು. ಒಂದು ಫೋಲ್ಡರ್ ಒತ್ತಿದರೆ ಇನ್ನೇನೋ ತೆರೆಯುವುದು, ಕೇಳದೆಯೇ ಜಾಹೀರಾತು ಹಾಡುವುದು. ನಾದಿನಿ ಬೆವರು ಒರೆಸಿಕೊಳ್ಳುತ್ತ ಅದನ್ನು ಸರಿಪಡಿಸಿದಳು. ಟೈಪಕ್ಕ ಕೈಮುಗಿದು, "ನನ್ನಿಂದ ನಿಮಗೆ ಬಹಳ ತೊಂದರೆ ಆಯ್ತು ಮೇಷ್ಟ್ರೇ" ಎಂದಳು.

ಮೇಷ್ಟ್ರು ಕನ್ನಡಕ ಏರಿಸಿ, ಬಿಕೋ ಎನ್ನುತ್ತಿದ್ದ ಪರದೆಯನ್ನು ಅನುಮಾನದಿಂದ ನೋಡಿದರು.

"ತೊಂದರೆ ಏನು ಬಂತು? ಅದು ಮೊದಲಿಂದ್ಲೂ ಹಾಗೇ ಅಲ್ವಾ? ಆ ಹಾಡು ಎಲ್ಲಿ ಹೋಯ್ತು? ಚೆನ್ನಾಗಿತ್ತು."

ಅತ್ತಿಗೆ ನಾದಿನಿಯರು ಮೆಟ್ಟಿಲಿನ ತಿರುವಿನವರೆಗೆ ಹೇಗೋ ಬಾಯಿ ಬಿಗಿಹಿಡಿದುಕೊಂಡು ಬಂದರು. ಅಲ್ಲಿ ಗೋಡೆಗೆ ಒರಗಿ ನಗಲು ಶುರುಮಾಡಿದವರು ಕಣ್ಣಲ್ಲಿ ನೀರು ಬರುವ ತನಕ ನಿಲ್ಲಿಸಲಿಲ್ಲ.