ಹಳೇ ಕಾರಿನ ಎಡಬಾಗಿಲು

ಕಾಮಸಮುದ್ರದ ಹತ್ತಿರದ ಒಂದು ಹಳ್ಳಿ ನನ್ನ ಹೆಂಡತಿಯ ತವರು. ಹೋದ ವರ್ಷ ಒಂದು ಭಾನುವಾರ ಅಲ್ಲಿಂದ ಕೆಜಿಎಫ್‌ಗೆ ವಾಪಸು ಬರುವಾಗ ಏರಿನಲ್ಲಿ ನಮ್ಮ ಕಾರು ನಿಂತುಹೋಯಿತು. ಬಾನೆಟ್ಟಿನ ಸಂದಿಯಿಂದ ಬಿಳಿ ಹೊಗೆ ಏಳುತ್ತಿತ್ತು. ಡಿಕ್ಕಿಯಲ್ಲಿ ಅರ್ಧ ಮೂಟೆ ರಾಗಿ ಮತ್ತು ಎರಡು ಕುಂಬಳಕಾಯಿ. ಮೀಟರಿನಲ್ಲಿ ಎರಡು ಲಕ್ಷದ ಎಂಬತ್ತು ಸಾವಿರ ದಾಟಿತ್ತು.

ಹೆಂಡತಿ ಇಳಿದು ಹೊಂಗೆ ಮರದ ಕೆಳಗೆ ನಿಂತಳು. ಹಾಲಿನ ಕ್ಯಾನು ತುಂಬಿದ್ದ ಟೆಂಪೊದವನೊಬ್ಬ ನಿಲ್ಲಿಸಿ, ಹಗ್ಗ ಕಟ್ಟಿ ರಾಬರ್ಟ್‌ಸನ್‌ಪೇಟೆಯ ಮೆಕ್ಯಾನಿಕ್ ಶೆಡ್ಡಿನವರೆಗೆ ಎಳೆದುಕೊಂಡು ಹೋಗಲು ಒಪ್ಪಿದ.

"ನಾನು ಬಸ್ಸಲ್ಲಿ ಬತ್ತೀನಿ, ನೀವು ಕಾರು ನೋಡ್ಕಳಿ," ಎಂದಳು ಅವಳು.

ಬಂಗಾರಪೇಟೆಯ ಶಾಲೆಯಲ್ಲಿ ಅವಳು ಟೀಚರು. ಬೆಳಗಾದರೆ ಸೋಮವಾರ, ಮನೆ ಸೇರುವ ಅವಸರ ಇರಬೇಕು ಅಂದುಕೊಂಡೆ.

ಮೆಕ್ಯಾನಿಕ್ ನಮಗೆ ಹತ್ತು ವರ್ಷದ ಪರಿಚಯ. ನನ್ನ ಜೊತೆ ಕನ್ನಡ, ನನ್ನ ಹೆಂಡತಿಯ ಜೊತೆ ತೆಲುಗು, ಮನೆಯವರ ಜೊತೆ ತಮಿಳು ಮಾತಾಡುವ ಮನುಷ್ಯ. ಮಾರನೆಯ ದಿನ ಬಾನೆಟ್ಟು ಎತ್ತಿ ನೋಡಿ, ಕೈ ಒರೆಸಿಕೊಳ್ಳುತ್ತ ಹೇಳಿದ:

"ಇಂಜಿನ್ ಇಳಿಸ್ಬೇಕು ಸಾರ್. ಇಳ್ಸಿ ಪೂರ್ತಿ ಮಾಡಿದ್ರೆ ಇನ್ನೂ ಒಂದು ಲಕ್ಷ ಓಡುತ್ತೆ. ಬೇಡ ಅಂದ್ರೆ ಈಗ್ಲೇ ಕೊಟ್ಟುಬಿಡಿ. ನಡುವೆ ಏನೂ ಇಲ್ಲ."

ನಾನು ಕೆಲಸ ಮಾಡುವುದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ. ಮೇಜಿಗೆ ಬಂದ ಬಿಡಿಭಾಗವನ್ನು ಅಳೆದು, ಸರಿಯಿದೆ, ತಿದ್ದಬೇಕು, ಗುಜರಿಗೆ ಹಾಕಬೇಕು ಎಂದು ಬರೆದು ಕಳಿಸುವುದೇ ನನ್ನ ಸಂಬಳದ ಕೆಲಸ. ಅರ್ಧ ಗಂಟೆಗಿಂತ ಹೆಚ್ಚು ಯಾವುದಕ್ಕೂ ತೆಗೆದುಕೊಂಡವನಲ್ಲ. ಈ ಕಾರಿನ ವಿಷಯಕ್ಕೆ ಮೂರು ವಾರ ಬೇಕಾಯಿತು.

ಕ್ಯಾಂಟೀನಿನಲ್ಲಿ ಕೇಳಿದೆ. ಒಬ್ಬರು, ಹಳೇ ಡೀಸೆಲ್ ಇಂಜಿನ್ನಿನ ಗಟ್ಟಿತನ ಈಗಿನವಕ್ಕೆ ಇಲ್ಲ ಎಂದರು. ಇನ್ನೊಬ್ಬರು, ಒಂದು ಸಲ ಬಿಚ್ಚಿದ ಇಂಜಿನ್ನು ಮತ್ತೆ ಮತ್ತೆ ಬಿಚ್ಚಿಸಿಕೊಳ್ಳುತ್ತದೆ ಎಂದರು. ಕೋಲಾರಕ್ಕೆ ಹೋಗಿ ಷೋರೂಮಿನಲ್ಲಿ ಹೊಸ ಕಾರುಗಳಲ್ಲಿ ಕೂತೆದ್ದು ಬಂದೆ. ಸ್ಟಿಯರಿಂಗಿನ ಪಕ್ಕದಲ್ಲಿ ಟೀವಿಯಂಥ ಪರದೆ. ನನಗೆ ಬೇಕಿರಲಿಲ್ಲ. ಸಂಜೆ ಡ್ಯೂಟಿ ಮುಗಿಸಿ ಮೆಕ್ಯಾನಿಕ್ಕಿನ ಶೆಡ್ಡಿಗೆ ಹೋಗಿ, ಧೂಳು ಕೂತ ನನ್ನ ಕಾರನ್ನು ಒಂದು ಸುತ್ತು ಹಾಕಿ ಬರುತ್ತಿದ್ದೆ. ಇದನ್ನು ಮೊದಲು ಇಟ್ಟುಕೊಂಡಿದ್ದವರು ಮಂಗಳೂರಿನಿಂದ ವರ್ಗವಾಗಿ ಬಂದಿದ್ದ ಅಧಿಕಾರಿ. ಅವರಿಂದ ನಾನು ಕೊಂಡ ಮೇಲೆ ಇದು ಒಮ್ಮೆಯೂ ನನ್ನನ್ನು ದಾರಿಯಲ್ಲಿ ಕೈಬಿಟ್ಟಿರಲಿಲ್ಲ. ಆ ಭಾನುವಾರದವರೆಗೆ.

ಕೊನೆಗೆ ಇಂಜಿನ್ ಮಾಡಿಸುವುದೇ ಸರಿ ಎನಿಸಿತು. ಮೆಕ್ಯಾನಿಕ್ಕಿಗೆ ಫೋನು ಮಾಡಿ ಹೇಳುವ ಮುಂಚೆ ಮನೆಯಲ್ಲಿ ಒಂದು ಮಾತು ಹೇಳಿಬಿಡೋಣವೆಂದು ಅಡುಗೆಮನೆಗೆ ಹೋದೆ. ಅವಳು ಮೊರದ ಮುಂದೆ ಕೂತು, ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು.

"ಇಂಜಿನ್ ಮಾಡ್ಸೋದು ಅಂತ ತೀರ್ಮಾನ ಮಾಡ್ದೆ," ಎಂದೆ.

"ಮಾಡಿಸ್ಕಳಿ. ನಾನಂತೂ ಅದ್ರಾಗೆ ಇನ್ನ ಕುಂತ್ಕಳಲ್ಲ." ತಲೆಯೆತ್ತಲಿಲ್ಲ.

"ಯಾಕೆ, ಏನಾಯ್ತು?"

"ಬಾಗ್ಲು ತೆಗ್ದೋಗಿತ್ತಲ್ಲ, ಗ್ಯಾಪ್ಕ ಇಲ್ವಾ?"

ನೆನಪಿತ್ತು. ಎರಡು ವರ್ಷದ ಹಿಂದೆ ಬಂಗಾರಪೇಟೆ ರಸ್ತೆಯ ತಿರುವಿನಲ್ಲಿ ಅವಳ ಕಡೆಯ ಬಾಗಿಲು ತಾನಾಗಿ ತೆರೆದುಕೊಂಡಿತ್ತು. ಬೆಲ್ಟು ಹಾಕಿದ್ದಳು, ಏನೂ ಆಗಲಿಲ್ಲ.

"ಅದರ ಲಾಕು ಆ ವಾರವೇ ಬದಲಾಯಿಸ್ದೆನಲ್ಲ."

"ಬದಲಾಯ್ಸಿದ್ ಮ್ಯಾಲೂ ಅಲ್ಲಾಡ್ತಿತ್ತು. ನಿಮಗೇಳ್ದೆ. ನೀವು ಇಳ್ದು ಬಂದು ದಬಾರ್ ಅಂತ ಆಕಿ, ನೋಡು ಎಷ್ಟು ಗಟ್ಟಿಯಾಗಿದೆ ಅಂದ್ರಿ. ಆಮ್ಯಾಕೆ ನಾನು ಏಳೋದೇ ಬಿಟ್ಟೆ."

ಆಗ ಒಂದೊಂದೇ ಹೊಳೆಯತೊಡಗಿತು. ಕಾರಿನಲ್ಲಿ ಅವಳ ಎಡಗೈ ಯಾವಾಗಲೂ ಬಾಗಿಲ ಹಿಡಿಯ ಮೇಲೇ ಇರುತ್ತಿತ್ತು. ಅದು ಅವಳ ಅಭ್ಯಾಸವೆಂದುಕೊಂಡಿದ್ದೆ. ಬೆಳಿಗ್ಗೆ ನಾನೇ ಶಾಲೆಗೆ ಬಿಟ್ಟುಬರುತ್ತಿದ್ದವನು; ಎರಡು ವರ್ಷದ ಹಿಂದೆ ಅವಳು ಬೇಡವೆಂದು, ಮಾರಿಕುಪ್ಪಂನಿಂದ ಬರುವ ರೈಲು ಹತ್ತತೊಡಗಿದ್ದಳು. ಜೊತೆಗೆ ಟೀಚರುಗಳಿದ್ದಾರೆ, ಮಾತಿಗೆ ಚೆನ್ನಾಗಿರುತ್ತದೆ ಎಂದಿದ್ದಳು.

"ಅದಕ್ಕೇನಾ ರೈಲು?"

"ಮತ್ತೆ? ಆ ರಶ್ಶಲ್ಲಿ ನಿಂತ್ಕಂಡು ಓಗೋದು ನಂಗೇನು ಖುಷಿನಾ?"

ಹಿತುಕಿದ ಬೇಳೆ ಮೊರಕ್ಕೆ ಬೀಳುತ್ತಲೇ ಇತ್ತು. ಮೂರು ವಾರ ನಾನು ಎಷ್ಟು ಜನರನ್ನು ಕೇಳಿದ್ದೆನೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಕ್ಯಾಂಟೀನಿನಲ್ಲಿ ಚಹಾ ಕೊಡುವವನನ್ನೂ ಕೇಳಿದ್ದೆ. ಆ ಕಾರಿನಲ್ಲಿ ನನ್ನ ಪಕ್ಕ ಕೂರುವವಳನ್ನು ಕೇಳಿರಲಿಲ್ಲ. ಅವಮಾನವಾಯಿತು. ಅಲ್ಲೇ ಕೂತು ಒಂದು ಹಿಡಿ ಕಾಳು ತೆಗೆದುಕೊಂಡು ನಾನೂ ಹಿತುಕಿದೆ.

ಮುಂದಿನ ಶನಿವಾರ ಇಬ್ಬರೂ ಶೆಡ್ಡಿಗೆ ಹೋದೆವು. ಅವಳು ಮೆಕ್ಯಾನಿಕ್ಕನ್ನು ತೆಲುಗಿನಲ್ಲಿ ಏನೋ ಕೇಳಿದಳು. ಆತ ಎಡಬಾಗಿಲು ತೆರೆದು ಹಿಡಿದು ಮೇಲೆ ಕೆಳಗೆ ಅಲುಗಿಸಿದ. ಮಂಡಿಯೂರಿ, ಬಾಗಿಲ ಕೆಳಗಿನ ಪಟ್ಟಿಗೆ ಸ್ಕ್ರೂಡ್ರೈವರಿನಿಂದ ಒತ್ತಿದ. ಅರ್ಧದವರೆಗೆ ಒಳಗೆ ಹೋಯಿತು. ಹೊರಗೆ ಎಳೆದಾಗ ಕೆಂಪು ತುಕ್ಕು ಪುಡಿಪುಡಿಯಾಗಿ ನೆಲಕ್ಕೆ ಸುರಿಯಿತು. ಕಾರನ್ನು ಜಾಕಿನಲ್ಲಿ ಎತ್ತಿ, ಟಾರ್ಚು ಹಿಡಿದು ನನ್ನನ್ನೂ ಬಗ್ಗಿಸಿ ತೋರಿಸಿದ. ಬಾಗಿಲನ್ನು ಹಿಡಿದಿದ್ದ ಕಂಬದ ಬುಡವನ್ನೇ ತುಕ್ಕು ತಿಂದುಹಾಕಿತ್ತು.

"ಕಡಲ ಗಾಳಿ ಸಾರ್. ಮಂಗಳೂರಲ್ಲೇ ಶುರುವಾಗಿದೆ, ಮೇಲೆ ಪೇಂಟ್ ಇತ್ತು, ಕಾಣ್ಲಿಲ್ಲ. ಲಾಕು ಎಷ್ಟು ಬದಲಾಯಿಸಿದ್ರೂ ಅಷ್ಟೇ."

"ನೀವು ಮೊದಲೇ ಹೇಳ್ಬೇಕಿತ್ತು," ಎಂದೆ.

ಅವನು ಟಾರ್ಚು ಆರಿಸಿದ. "ನೋಡ್ಬೇಕಿತ್ತು, ತಪ್ಪು ನಂದೇ. ನೀವು ಇಂಜಿನ್ ಕೇಳಿದ್ರಿ, ನಾನು ಇಂಜಿನ್ ನೋಡ್ದೆ." ಆಮೇಲೆ ಅವಳ ಕಡೆ ತಿರುಗಿ ಕನ್ನಡದಲ್ಲೇ ಹೇಳಿದ: "ಇಂಜಿನ್‌ಗೆ ನಾನು ಗ್ಯಾರಂಟಿ ಕೊಡ್ತೀನಿ ಟೀಚರಮ್ಮ. ಬಾಡಿದು ಗ್ಯಾರಂಟಿ ಕೊಡಲ್ಲ. ಇದ್ರಲ್ಲಿ ಕೂರ್ಬೇಡಿ."

ಅಲ್ಲಿಗೆ ತೀರ್ಮಾನವಾಯಿತು. ಉಪಯೋಗಕ್ಕೆ ಬರುವ ಭಾಗಗಳನ್ನು ಆತನೇ ಬಿಚ್ಚಿಟ್ಟುಕೊಂಡ, ಉಳಿದದ್ದು ಗುಜರಿಗೆ ಹೋಯಿತು. ಬೇಸರವಾಗಲಿಲ್ಲ ಎಂದರೆ ಸುಳ್ಳು. ಅಷ್ಟು ದೂರ ಓಡಿದ ಇಂಜಿನ್ನು ಮಾಡಿಸಿದ್ದರೆ ಇನ್ನೂ ಓಡುತ್ತಿತ್ತು.

ತಿಂಗಳಾದ ಮೇಲೆ ಬಂಗಾರಪೇಟೆಯಲ್ಲಿ ನಿವೃತ್ತ ಮೇಷ್ಟರೊಬ್ಬರ ಪೆಟ್ರೋಲ್ ಕಾರು ಮಾರಾಟಕ್ಕಿದೆ ಎಂದು ಹೆಂಡತಿಯೇ ಸುದ್ದಿ ತಂದಳು. ನೋಡಲು ಹೋದಾಗ ಇಂಜಿನ್ನನ್ನು ನಾನು ನೋಡಿದೆ. ಅವಳು ನಾಲ್ಕೂ ಬಾಗಿಲು ತೆಗೆದು ಮುಚ್ಚಿ, ಸೆರಗು ಸಿಕ್ಕಿಸಿಕೊಂಡು ಬಗ್ಗಿ ಅಡಿಭಾಗಕ್ಕೆಲ್ಲ ಮೊಬೈಲಿನ ಬೆಳಕು ಬಿಟ್ಟಳು. ಮೇಷ್ಟರು ನಕ್ಕರು. ಅವಳು ನಗಲಿಲ್ಲ. ಎಲ್ಲ ನೋಡಿ ಮುಗಿಸಿ, "ಆಗ್ಬಹುದು," ಎಂದಳು.

ಮನೆಗೆ ಬರುವ ದಾರಿಯಲ್ಲಿ, ತಾನೂ ಓಡಿಸಲು ಕಲಿಯುತ್ತೇನೆಂದಳು. ಇಷ್ಟು ವರ್ಷ ಯಾಕೆ ಕೇಳಲಿಲ್ಲ ಎಂದೆ. "ಅದು ನಿಮ್ಮ ಕಾರು," ಎಂದಳು, ಸಿಟ್ಟಿಲ್ಲದೆ.

ಈಗ ಭಾನುವಾರ ಬೆಳಿಗ್ಗೆ ಹಳೇ ಗಣಿಯ ಬೂದುಮಣ್ಣಿನ ದಿಬ್ಬಗಳ ಪಕ್ಕದ ಬಯಲಲ್ಲಿ ಕಲಿಕೆ ನಡೆದಿದೆ. ಹೋದ ವಾರ ಮೊದಲ ಸಲ ರಸ್ತೆಗೆ ತಂದಳು. ಮಾರ್ಕೆಟ್ಟಿನ ಹತ್ತಿರ ಎದುರಿಗೆ ಬಸ್ಸು ಬಂದಾಗ ಕಾರು ಆಫ್ ಆಯಿತು. ಹಿಂದಿನಿಂದ ಆಟೋಗಳು ಹಾರನ್ ಹೊಡೆಯತೊಡಗಿದವು. ಕ್ಲಚ್ಚು ಒತ್ತು ಎನ್ನಲು ಬಾಯಿ ತೆರೆದೆ.

"ಸುಮ್ಕಿರ್ರೀ, ಗೊತ್ತು ನಂಗೆ," ಎಂದು ಕೀ ತಿರುಗಿಸಿದಳು.