ಪೆನ್ ಡ್ರೈವಿಗೆ ಓಲೆ ಹಾಕಿದ ಮಲ್ಲಣ್ಣ

ಕಂಪ್ಯೂಟರಿಗೆ ಸ್ಟೆತಾಸ್ಕೋಪ್ ಇಟ್ಟು ನೋಡುವವರನ್ನು ನಾನು ಕಂಡಿರುವುದು ಒಬ್ಬರನ್ನೇ. ಕಾಂಪೌಂಡರ್ ಮಲ್ಲಣ್ಣ. ಕಿವಿಗೆ ಕೊಳವೆ ಸಿಕ್ಕಿಸಿಕೊಂಡು, ಬಿಲ್ಲೆಯನ್ನು ನನ್ನ ಸ್ಟುಡಿಯೋದ ಸಿಪಿಯು ಡಬ್ಬಿಯ ಪಕ್ಕೆಗೆ ಒತ್ತಿ, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ಆಗ ಅಂಗಡಿಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಪಾಸ್‌ಪೋರ್ಟ್ ಫೋಟೋಗೆಂದು ಸ್ಟೂಲಿನ ಮೇಲೆ ಕುಳಿತವರೂ ಉಸಿರು ಬಿಗಿಹಿಡಿದು ಕಾಯಬೇಕು. ಸ್ವಲ್ಪ ಹೊತ್ತಾದ ಮೇಲೆ ಕಣ್ಣು ಬಿಟ್ಟು, "ಜೀವ ಐತೆ ಕಣಮ್ಮ ಸುಧಾ, ಗಾಬರಿ ಬೀಳ್ಬ್ಯಾಡ" ಎನ್ನುವರು. ಒಂದು ಸಲ ಹಾಗೆ ಹೇಳಿದಾಗ ನಾನು ಪ್ಲಗ್ಗೇ ಹಾಕಿರಲಿಲ್ಲ. ಅವರು ಕೇಳಿಸಿಕೊಂಡಿದ್ದು ತಲೆಯ ಮೇಲಿನ ಫ್ಯಾನಿನ ಸದ್ದು.

ಮಲ್ಲಣ್ಣ ಅಜ್ಜಂಪುರದ ಕಡೆಯವರು. ಬದುಕಿಡೀ ಪಶು ಆಸ್ಪತ್ರೆಗಳಲ್ಲಿ ಕಾಂಪೌಂಡರ್ ಆಗಿದ್ದವರು. ಪಂಚನಹಳ್ಳಿ, ಸಿಂಗಟಗೆರೆ ಎಂದು ಊರೂರು ಸುತ್ತಿ, ಎಮ್ಮೆದೊಡ್ಡಿಯ ಕಾವಲಿನಲ್ಲಿ ಮೇಯುವ ದನಗಳ ಕೈಲೂ ಒದೆ ತಿಂದು, ನಿವೃತ್ತರಾದ ಮೇಲೆ ಕಡೂರಿನಲ್ಲೇ ನೆಲೆಯೂರಿದರು. ಆಸ್ಪತ್ರೆಗೆ ಕಂಪ್ಯೂಟರ್ ಬಂದದ್ದು ಅವರ ಸರ್ವೀಸಿನ ಕೊನೆಯ ದಿನಗಳಲ್ಲಿ. ದನಗಳ ಕಿವಿಗೆ ಹಳದಿ ಓಲೆ ಹಾಕಿ, ಅದರ ನಂಬರನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಯಾರಿಗೂ ಬೇಡವಾಗಿ ಇವರ ತಲೆಗೆ ಬಂತು. ಉಳಿದವರು ಅಯ್ಯೋ ಪಾಪ ಎಂದರು. ಇವರು ಮಾತ್ರ ಆ ಯಂತ್ರಕ್ಕೆ ಮನಸೋತುಬಿಟ್ಟರು.

ನನ್ನ ಸ್ಟುಡಿಯೋ ಅವರ ಮನೆಯ ಎದುರಿಗೇ ಇದ್ದದ್ದರಿಂದ ಬೆಳಿಗ್ಗೆ ತಿಂಡಿ ಮುಗಿಸಿದವರೇ ಬಂದು ಬೆಂಚಿನ ಮೇಲೆ ಕೂರುವರು. ಯಾರಾದರೂ ಕೆಟ್ಟ ಪೆನ್ ಡ್ರೈವ್ ಹಿಡಿದು ಬರಲಿ ಎಂದು ಅವರು ಕಾಯುತ್ತಿದ್ದರು ಎಂದರೆ ತಪ್ಪಾಗುತ್ತದೆ. ಆದರೆ ಬಂದರೆ ಅವರ ಮುಖ ಅರಳುತ್ತಿತ್ತು. ಮೊದಲು ಸೋಪು ಹಾಕಿ ಮೊಣಕೈವರೆಗೆ ಕೈ ತೊಳೆಯುವರು. ಆಮೇಲೆ ಪ್ರಶ್ನೆಗಳು. "ಯಾವಾಗಿಂದ ಹಿಂಗೆ? ಸಡನ್ನಾಗಿ ಬಿತ್ತೋ, ಎರಡ್ಮೂರು ದಿನದಿಂದ ಮಂಕಾಗಿತ್ತೋ? ಬೇರೆ ಯಾವ್ದಾದ್ರೂ ಕಂಪ್ಯೂಟರ್ ಹತ್ರ ಬಿಟ್ಟಿದ್ರೇನು?" ಕೇಳಿಸಿಕೊಂಡವರಿಗೆ ನಗು ತಡೆಯುವುದೇ ಕಷ್ಟ. ಒಬ್ಬಾತ, "ಮಲ್ಲಣ್ಣಾರೆ, ಇದು ಟ್ರ್ಯಾಕ್ಟರಲ್ಲಿ ಹಾಡು ಕೇಳೋ ಪೆನ್ ಡ್ರೈವು, ನಮ್ಮನೆ ಕರ ಅಲ್ಲ" ಎಂದುಬಿಟ್ಟ. "ಕರ ಆದ್ರೆ ಅದೇ ನಂಗೆ ಹೇಳೋದು. ನೀನಾದ್ರೂ ಸರಿಯಾಗಿ ಹೇಳು" ಎಂದರು ಮಲ್ಲಣ್ಣ.

ಅವರಿಗೆ ಒಂದೇ ಒಂದು ಕಟ್ಟಾಜ್ಞೆಯಿತ್ತು. ಪೆನ್ ಡ್ರೈವ್ ಓದಲು ಬಾರದಿದ್ದಾಗ ಕಂಪ್ಯೂಟರ್ ಒಂದು ಚೌಕದೊಳಗೆ, ಇದನ್ನು ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತದಲ್ಲ, ಅದಕ್ಕೆ ಹೂಂ ಎನ್ನಬಾರದು. ಎಂದರೆ ಒಳಗಿರುವುದೆಲ್ಲ ಗುಡಿಸಿಹೋಗುತ್ತದೆ. ಆದರೆ ನಮ್ಮ ಕಡೆಯ ಜನ ಯಾರಾದರೂ ಮರ್ಯಾದೆಯಾಗಿ ಕೇಳಿದರೆ ಇಲ್ಲ ಎನ್ನಲಾರರು. ಬೀರೂರು ರಸ್ತೆಯ ಹೋಟೆಲಿನವನೊಬ್ಬ ಹೀಗೆ ಹೂಂ ಎಂದು ಮಗನ ನಾಮಕರಣದ ಫೋಟೋಗಳನ್ನೆಲ್ಲ ಕಳಕೊಂಡು ಬಂದಾಗ ಮಲ್ಲಣ್ಣ ಕೆರಳಿದ್ದು ನೋಡಬೇಕಿತ್ತು. "ಅಲ್ಲಯ್ಯಾ, ಕೇಳಿದ ಕೂಡ್ಲೆ ಹೂಂ ಅಂದ್ಯಲ್ಲ, ನಿಮ್ಮನೆ ಹೆಣ್ಣು ಕೇಳಕ್ಕೆ ಬಂದೋರಿಗೂ ಬಾಗ್ಲಲ್ಲೇ ಹೂಂ ಅಂತೀಯೇನು? ಕೂರ್ಸು, ಯಾವೂರು, ಯಾರ ಮಕ್ಳು ಅಂತ ವಿಚಾರ್ಸು!" ಬೈದು ಮುಗಿಸಿದ ಮೇಲೆ ಮೂರು ದಿನ ಕೂತು ಏನೇನೋ ಮಾಡಿ ಅರ್ಧ ಫೋಟೋಗಳನ್ನು ಹೊರತೆಗೆದುಕೊಟ್ಟರು. ಮಗು ಇದ್ದ ಫೋಟೋ ಕಡಿಮೆ, ಊಟದ ಪಂಕ್ತಿಯದ್ದೇ ಹೆಚ್ಚು. ಆದರೂ ಹೋಟೆಲಿನವನು ಕಾಲಿಗೆ ಬೀಳಲು ಬಂದ.

ಎಲ್ಲ ಸಲವೂ ಅವರದೇ ಗೆಲುವು ಎಂದುಕೊಳ್ಳಬೇಡಿ. ಒಮ್ಮೆ ಒಂದು ಪೆನ್ ಡ್ರೈವನ್ನು ನನ್ನ ಸಿಪಿಯುವಿನ ಮುಂದಿನ ತೂತಿಗೆ ಹಾಕಿ ತೆಗೆದು, ಊದಿ, ಬಿಸಿಲಿಗೆ ಇಟ್ಟು, ಮಧ್ಯಾಹ್ನದವರೆಗೆ ಒದ್ದಾಡಿ, "ಹೋಯ್ತು ಕಣಮ್ಮ, ನಮ್ಮ ಕೈ ಮೀರ್ತು" ಎಂದು ಪೆಚ್ಚಾಗಿ ಕುಳಿತರು. ಆ ಮುಂದಿನ ತೂತಿಗೆ ಒಳಗೆ ವೈರನ್ನೇ ಜೋಡಿಸಿರಲಿಲ್ಲ. ನಾನು ಹಿಂದುಗಡೆ ಹಾಕಿದೆ. ತಕ್ಷಣ ಹಾಡು ಶುರುವಾಯಿತು. ಬೇರೆಯವರಾಗಿದ್ದರೆ ನಾಚುತ್ತಿದ್ದರು. ಮಲ್ಲಣ್ಣ ಮೀಸೆ ತೀಡಿಕೊಂಡು, "ಕೆಲವು ದನ ಮುಂದಿಂದ ಹೋದ್ರೆ ಹಾಯ್ತವೆ. ಹಿಂದಿಂದನೇ ಹೋಗ್ಬೇಕು. ಈಗ ಗೊತ್ತಾಯ್ತಲ್ಲ ನಿಂಗೆ?" ಎಂದು ನನಗೇ ಪಾಠ ಹೇಳಿದರು. ಸೋತೆ ಎಂಬ ಮಾತು ಅವರ ಬಾಯಿಂದ ನಾನು ಕೇಳಿದ್ದಿಲ್ಲ. ಆ ಜಂಬ ನನಗೆ ಬಲು ಇಷ್ಟವಾಗುತ್ತಿತ್ತು.

ರತ್ನಮ್ಮ ಬಂದದ್ದು ಒಂದು ಶನಿವಾರ ಬೆಳಿಗ್ಗೆ. ಪಂಚನಹಳ್ಳಿಯ ಹೆಂಗಸು, ಐವತ್ತರ ಆಸುಪಾಸು, ಗಟ್ಟಿ ದನಿ. ಅವರ ಸ್ತ್ರೀಶಕ್ತಿ ಸಂಘದವರು ಊರಿನ ಮೇಷ್ಟ್ರು ಬರೆದ ರಾಜರ ನಾಟಕವೊಂದನ್ನು ಆಡಿದ್ದರು. ಗಂಡುಪಾತ್ರಗಳೂ ಹೆಂಗಸರವೇ. ಮೀಸೆ ಕಟ್ಟಿ ಕತ್ತಿ ಹಿಡಿದ ದುಷ್ಟರಾಜ ಈ ರತ್ನಮ್ಮನೇ. ಆಕೆಗೆ ಆ ಪಾರ್ಟನ್ನು ಕಲಿಸಿದವರು ತರೀಕೆರೆಯಲ್ಲಿ ಮಗನ ಮನೆಯಲ್ಲಿದ್ದ ಅವರ ತಂದೆ ಹಾಲಪ್ಪನವರು. ತಾವೇ ಒಂದು ಕಾಲದಲ್ಲಿ ರಾಜನ ಪಾರ್ಟು ಮಾಡಿ ಹೆಸರು ಮಾಡಿದವರು. ಮಾತುಗಳನ್ನೆಲ್ಲ ಫೋನಿನಲ್ಲೇ ಓದಿಸಿಕೊಂಡು, ಎದುರು ಪಾತ್ರದ ಮಾತನ್ನು ತಾವೇ ಹೇಳಿ, ದನಿ ಎಲ್ಲಿ ಏರಬೇಕು, ಎಲ್ಲಿ ತಡೆಯಬೇಕು ಎಂದು ತಿದ್ದಿದ್ದರು. ನಾಟಕದ ಹಿಂದಿನ ವಾರವೇ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡದ್ದರಿಂದ ಅವರಿಗೆ ನೋಡಲಾಗಲಿಲ್ಲ.

"ಸೋಮವಾರ ಶಿವಮೊಗ್ಗಕ್ಕೆ ಕರ್ಕೊಂಡ್ ಹೋಗ್ತಾರೆ ಕಣಮ್ಮ, ಆಪ್ರೇಶನ್ಗೆ" ಎಂದರು ರತ್ನಮ್ಮ. "ವಯಸ್ಸಾಗೈತೆ, ಏನ್ ಹೇಳಕ್ಕಾಗಲ್ಲ ಅಂದವ್ರೆ ಡಾಕ್ಟ್ರು. ಅಪ್ಪ ಒಂದೇ ಹಟ. ನಿನ್ನ ಪಾರ್ಟು ನೋಡಿಯೇ ನಾನು ಆ ಮಂಚ ಹತ್ತೋದು ಅಂತ." ನಾಟಕವನ್ನು ಫೋನಿನಲ್ಲಿ ಹಿಡಿದಿದ್ದ ಅವರ ಮೈದುನ ಅದನ್ನು ಈ ಪೆನ್ ಡ್ರೈವಿಗೆ ಹಾಕಿಕೊಟ್ಟಿದ್ದ. ಆಮೇಲೆ ಬೋರ್‌ವೆಲ್ ಮೋಟರು ನೋಡಲು ಹೋಗಿ ಫೋನನ್ನು ನೀರಿನ ತೊಟ್ಟಿಗೆ ಬೀಳಿಸಿಕೊಂಡಿದ್ದ. ಹಾಗಾಗಿ ರತ್ನಮ್ಮನ ರಾಜ್ಯಭಾರವೆಲ್ಲ ಇದೊಂದರಲ್ಲೇ ಇತ್ತು.

ನಾನು ಅದನ್ನು ಕಂಪ್ಯೂಟರಿಗೆ ಹಾಕಿದೆ. ಟಿಡಿಂಗ್ ಎಂದು ಸದ್ದಾಯಿತು, ಅಷ್ಟೇ. ಪರದೆಯ ಮೇಲೆ ಎಲ್ಲೂ ಕಾಣಲಿಲ್ಲ. ಹಿಂದಿನ ದಿನವಷ್ಟೇ ನನ್ನ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಏರಿಸಿದ್ದೆ. ಹೊಸತು ಬಂದ ಮೇಲೆ ಬಣ್ಣವೆಲ್ಲ ಚೆನ್ನಾಗಿ ಕಾಣುತ್ತಿತ್ತು, ಪೆನ್ ಡ್ರೈವ್ ಮಾತ್ರ ಕಾಣುತ್ತಿರಲಿಲ್ಲ. ನನ್ನದೇ ಇನ್ನೊಂದನ್ನು ಹಾಕಿ ನೋಡಿದೆ, ಅದೂ ಇಲ್ಲ. ರತ್ನಮ್ಮನ ಮುಖ ಬಿಳುಚಿಕೊಂಡಿತು. "ಅಳಿಸಿ ಹೋಯ್ತೇನಮ್ಮ?" ಎಂದು ಕೇಳಿದ ಆ ದನಿ ದುಷ್ಟರಾಜನದಾಗಿರಲಿಲ್ಲ.

ಮಲ್ಲಣ್ಣ ಆಗಲೇ ಕೈ ತೊಳೆದುಕೊಂಡು ಬಂದಿದ್ದರು. "ಅಳ್ಬ್ಯಾಡ ತಾಯಿ. ಟಿಡಿಂಗ್ ಅಂದಿತಲ್ಲ, ಅದು ಅಂಬಾ ಅಂದಂಗೆ. ದನ ಒಳಗೆ ಬಂದೈತೆ, ಕಣ್ಣಿಗೆ ಬೀಳ್ತಿಲ್ಲ ಅಷ್ಟೇಯ." ನನ್ನನ್ನು ಎಬ್ಬಿಸಿ ಕುರ್ಚಿಯಲ್ಲಿ ಕುಳಿತರು. ಡಿಸ್ಕುಗಳ ಪಟ್ಟಿ ಇರುವ ಜಾಗವನ್ನು ಹುಡುಕಿ ತೆರೆದರು. ಅಲ್ಲಿ ಪೆನ್ ಡ್ರೈವ್ ತೆಪ್ಪಗೆ ಕುಳಿತಿತ್ತು. ಪ್ರತಿ ಡ್ರೈವಿಗೂ ಇರಬೇಕಾದ ಅಕ್ಷರ ಮಾತ್ರ ಅದರ ಮುಂದೆ ಇರಲಿಲ್ಲ. ಹೊಸ ವ್ಯವಸ್ಥೆ ಬರುವಾಗ ತನಗೆಂದು ಹೊಸ ಮೂಲೆಯೊಂದನ್ನು ಮಾಡಿಕೊಂಡು, ಪೆನ್ ಡ್ರೈವಿಗೆ ಸಿಗುತ್ತಿದ್ದ ಅಕ್ಷರವನ್ನು ಅದಕ್ಕೆ ಕೊಟ್ಟುಬಿಟ್ಟಿತ್ತು.

"ನೋಡಿದ್ಯಾ?" ಎಂದರು ಮಲ್ಲಣ್ಣ, ಎಮ್ಮೆದೊಡ್ಡಿಯ ಕಾವಲಿಗೆಲ್ಲ ಕೇಳುವಂತೆ. "ಇದ್ರ ಓಲೆ ಕಿತ್ತು ಇನ್ನೊಂದಕ್ಕೆ ಹಾಕವ್ರೆ! ಓಲೆ ಇಲ್ದಿದ್ರೆ ಸರ್ಕಾರ ದನ ಅಂತ ಒಪ್ಪಲ್ಲ, ಇದೂ ಒಪ್ತಿಲ್ಲ. ಹಾಕಣ ತಡಿ ಹೊಸ ಓಲೆ." ಬೇರೊಂದು ಅಕ್ಷರ ಆರಿಸಿ ಒತ್ತಿದರು. ಪೆನ್ ಡ್ರೈವ್ ಪರದೆಯ ಮೇಲೆ ಬಂತು. ನಾಟಕ ತೆರೆದುಕೊಂಡಿತು. ದೊಡ್ಡ ಮೀಸೆಯ ರತ್ನಮ್ಮ ಸಿಂಹಾಸನದ ಮೇಲೆ ಕಾಲು ಮೇಲೆ ಕಾಲು ಹಾಕಿ ಕುಳಿತಿದ್ದರು. ಸ್ಟೂಲಿನ ಮೇಲಿದ್ದ ರತ್ನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು.

ನಾನು ಮೊದಲು ಒಂದು ಪ್ರತಿಯನ್ನು ನನ್ನ ಕಂಪ್ಯೂಟರಿಗೆ ಇಳಿಸಿಕೊಂಡೆ. ಅಷ್ಟಕ್ಕೇ ಬಿಟ್ಟಿದ್ದರೆ ಅವರು ಮಲ್ಲಣ್ಣ ಹೇಗಾದಾರು? ಹಾಲಪ್ಪನವರ ಮಗನ ಮನೆಯ ಟಿವಿಗೆ ಪೆನ್ ಡ್ರೈವ್ ಹಾಕುವ ತೂತೇ ಇಲ್ಲವೆಂದು ಗೊತ್ತಾದದ್ದೇ ತಡ, "ನನ್ನ ಲ್ಯಾಪ್‌ಟಾಪ್ ತಗೊಂಡು ನಾನೇ ಬತ್ತೀನಿ. ಪೇಶೆಂಟ್ ಹತ್ರ ನಾವ್ ಹೋಗ್ಬೇಕು" ಎಂದರು. ಭಾನುವಾರ ಸ್ಟುಡಿಯೋಗೆ ರಜೆ, ನಾನೂ ಹೊರಟೆ. ಬಸ್ಸಿನಲ್ಲಿ ಹೆಮ್ಮೆಯಿಂದ ಒಂದು ಸಂಗತಿ ಹೇಳಿದರು: ರಾತ್ರಿಯೇ ತಮ್ಮ ಲ್ಯಾಪ್‌ಟಾಪಿಗೂ ಆ ಹೊಸ ವ್ಯವಸ್ಥೆಯನ್ನು ಏರಿಸಿಬಿಟ್ಟಿದ್ದರು. ನಾನು ಹಣೆ ಚಚ್ಚಿಕೊಂಡೆ.

"ಇವತ್ತೇ ಬೇಕಿತ್ತಾ ಮಲ್ಲಣ್ಣ?"

"ರೋಗ ನಮ್ಮನೇಲಿದ್ರೆ ತಾನೇ ಅದ್ರ ಗುಣ ತಿಳಿಯೋದು? ಸುಮ್ನಿರಮ್ಮ."

ಮಲ್ಲಣ್ಣನವರಿಗೆ ಮುಂದೇನಾಯಿತು ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಆ ಭಾನುವಾರ ಸಂಜೆ ಅವರು ತರೀಕೆರೆಯಿಂದ ನೇರ ಅಜ್ಜಂಪುರದ ಬಸ್ಸು ಹತ್ತಿದರು, ಮಗಳ ಮನೆಯಲ್ಲಿ ನಾಲ್ಕು ದಿನ ಇದ್ದು ಬರುತ್ತೇನೆಂದು. ಅಲ್ಲಿಯೇ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಸುದ್ದಿ ಬಂದಾಗ ನಾನು ಯಾರದೋ ಫೋಟೋ ತೆಗೆಯುತ್ತಿದ್ದೆ. ಕ್ಯಾಮೆರಾ ಕೆಳಗಿಟ್ಟು, ನಾಳೆ ಬನ್ನಿ ಎಂದು ಅವರನ್ನು ಕಳಿಸಿದೆ. ಹಾಲಪ್ಪನವರು ಆಪರೇಷನ್ ಮುಗಿಸಿ ಈಗ ಕೋಲೂರಿ ಓಡಾಡುತ್ತಿದ್ದಾರೆ. ಗಟ್ಟಿಮುಟ್ಟಾಗಿದ್ದ ಮಲ್ಲಣ್ಣ ಇಲ್ಲ. ಆದರೆ ಅವರನ್ನು ನೆನೆದರೆ ನನ್ನ ಕಣ್ಣಿಗೆ ಬರುವುದು ತರೀಕೆರೆಯ ಆ ಮಧ್ಯಾಹ್ನವೇ.

ಹಾಲಪ್ಪನವರು ಮಂಚದ ಮೇಲೆ ಎರಡು ದಿಂಬಿಗೆ ಒರಗಿದ್ದರು. ಸಣಕಲು ಮೈ, ಆದರೆ ಕಣ್ಣು ಮಾತ್ರ ಚುರುಕು. ಮಲ್ಲಣ್ಣ ಲ್ಯಾಪ್‌ಟಾಪನ್ನು ಅವರ ಎದುರಿನ ಸ್ಟೂಲಿನ ಮೇಲಿಟ್ಟು ನಾಟಕ ಹಾಕಿದರು. ಮುದುಕರು ಮಗಳು ಹೇಳುವ ಪ್ರತಿ ಮಾತಿಗೂ ತಾವೂ ತುಟಿ ಆಡಿಸುತ್ತ, "ಹಾಂ, ಹಂಗೆ, ಹಂಗೆ" ಎನ್ನುತ್ತ ನೋಡುತ್ತಿದ್ದರು. ರತ್ನಮ್ಮ ಅಡುಗೆಮನೆಯಲ್ಲಿ ಅತ್ತಿಗೆಯ ಜೊತೆ ಕಾಫಿ ಮಾಡುವ ನೆಪದಲ್ಲಿ ಬಾಗಿಲ ಮರೆಗೇ ನಿಂತಿದ್ದರು. ಎದುರಿಗೆ ಕೂರಲು ನಾಚಿಕೆ. ಕೊನೆಗೆ ಮುಖ್ಯ ದೃಶ್ಯ ಬಂತು. ಸಿಂಹಾಸನ ಬಿಟ್ಟಿಳಿ ಎಂದ ಮಂತ್ರಿಯ ಮೇಲೆ ರಾಜ ಸಿಡಿದೇಳುವ ಜಾಗ. ಮುದುಕರು ದಿಂಬಿನಿಂದ ತಲೆಯೆತ್ತಿದರು. ಪರದೆಯ ರಾಜ ಕತ್ತಿಗೆ ಕೈ ಹಾಕಿ, "ಎಲವೋ ಮಂತ್ರಿ" ಎಂದ. ಅಲ್ಲಿಗೆ ಚಿತ್ರ ನಿಂತಿತು. ಪೆನ್ ಡ್ರೈವ್ ಮಾಯ.

ಮಲ್ಲಣ್ಣ ತೆಗೆದು ಹಾಕಿದರು. ಈ ಸಲ ಟಿಡಿಂಗ್ ಕೂಡ ಇಲ್ಲ. ಇನ್ನೊಂದು ತೂತಿಗೆ ಹಾಕಿದರು. ಡಿಸ್ಕುಗಳ ಪಟ್ಟಿ ತೆರೆದರು, ಅಲ್ಲೂ ಇರಲಿಲ್ಲ. "ಕರೆಂಟ್ ಉಳಿಸಕ್ಕೆ ಅಂತ ತೂತನ್ನೇ ಮಲಗ್ಸಿಬಿಟ್ಟೈತೆ ಕಣಮ್ಮ ಇದು, ಎಬ್ಬಿಸ್ತೀನಿ ತಡಿ" ಎಂದು ಏನೇನೋ ಒತ್ತತೊಡಗಿದರು. ಹಣೆಯಲ್ಲಿ ಬೆವರು. ಹಾಲಪ್ಪನವರ ತಲೆ ಮೆಲ್ಲಗೆ ದಿಂಬಿಗೆ ಇಳಿಯಿತು. "ಹೋಗ್ಲಿ ಬಿಡಿ ಸ್ವಾಮಿ. ಅದೊಂದ್ ಜಾಗ ನೋಡ್ಬೇಕು ಅಂತಿತ್ತು" ಎಂದು ಗೋಡೆಯ ಕಡೆ ಮುಖ ಮಾಡಿದರು. ನನಗೆ ಆ ಲ್ಯಾಪ್‌ಟಾಪನ್ನು ಎತ್ತಿ ಬೀದಿಗೆ ಎಸೆಯುವಷ್ಟು ಸಿಟ್ಟು ಬಂತು.

ಆಗ ಅಡುಗೆಮನೆಯ ಬಾಗಿಲಿನಿಂದ ಗುಡುಗಿದಂತೆ ಒಂದು ದನಿ ಬಂತು. "ಎಲವೋ ಮಂತ್ರಿ! ಇಳಿ ಎನ್ನಲು ನಿನ್ನ ನಾಲಗೆ ಅಷ್ಟು ಉದ್ದವಾಯಿತೇ!"

ರತ್ನಮ್ಮ ಸೆರಗು ಸೊಂಟಕ್ಕೆ ಬಿಗಿದು, ಕೈಯಲ್ಲಿದ್ದ ಸೌಟನ್ನೇ ಕತ್ತಿಯಾಗಿ ಹಿಡಿದು ನಡುಮನೆಗೆ ಬಂದರು. ಮೀಸೆಯಿಲ್ಲ, ಕಿರೀಟವಿಲ್ಲ. ಆದರೆ ಅವರ ನಡಿಗೆಗೆ ನಾನು ಗೋಡೆಗೆ ಸರಿದುಕೊಂಡೆ. ಹಾಲಪ್ಪನವರು ಗಕ್ಕನೆ ಈ ಕಡೆ ತಿರುಗಿದರು. ಕಣ್ಣು ತುಂಬಿಕೊಂಡಿತ್ತು, ದನಿ ಮಾತ್ರ ನಡುಗಲಿಲ್ಲ. ಮಲಗಿದಲ್ಲಿಂದಲೇ ಮಂತ್ರಿಯ ಉತ್ತರ ಕೊಟ್ಟರು: "ನಾಲಗೆಯಲ್ಲ ಪ್ರಭು, ನಿನ್ನ ಪಾಪ ಉದ್ದವಾಯಿತು!" ಅಪ್ಪನೂ ಮಗಳೂ ಮಾತಿಗೆ ಮಾತು ಕೊಡುತ್ತ ಹೋದರು.

ಅದೇ ಹೊತ್ತಿಗೆ ಟಿಡಿಂಗ್ ಎಂದಿತು. ಮಲ್ಲಣ್ಣ ಗೆದ್ದಿದ್ದರು. ಪೆನ್ ಡ್ರೈವ್ ಬಂದಿತ್ತು. ನಾಟಕ ನಿಂತಲ್ಲಿಂದಲೇ ಹೊರಡಲು ಒಂದು ಬೆರಳು ಒತ್ತಿದರೆ ಸಾಕಿತ್ತು. ಅವರು ಪರದೆ ನೋಡಿದರು, ಮಂಚದ ಕಡೆ ನೋಡಿದರು. ಬಾಯಿ ಬಿಟ್ಟು ಎಲ್ಲರಿಗೂ ಸಾರಿ ಹೇಳುತ್ತಾರೆ ಎಂದುಕೊಂಡೆ. ಹೇಳಲಿಲ್ಲ. ಸದ್ದಾಗದಂತೆ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದರು.

ರತ್ನಮ್ಮ ಸೌಟು ಎತ್ತಿ, "ಯಾರಲ್ಲಿ!" ಎಂದು ಗರ್ಜಿಸಿದರು. ಅಲ್ಲಿ ಬರಬೇಕಾದ ಕಾವಲುಗಾರ ಇರಲಿಲ್ಲ. ಮಲ್ಲಣ್ಣ ಹೆಗಲ ಮೇಲಿನ ಟವಲನ್ನು ಸರ್ರನೆ ಸೊಂಟಕ್ಕೆ ಸುತ್ತಿ, ಆ ಸೌಟಿನ ಮುಂದೆ ಬಗ್ಗಿ ಕೈಮುಗಿದು ನಿಂತರು.

"ಅಪ್ಪಣೆ ಆಗ್ಲಿ, ಮಹಾಪ್ರಭು."